ಯಾವ ಕಾಲೇಜ್ ಕೊಡ್ತಾರ್ರೀ?

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ಶೇರ್ ರಿಕ್ಷಾ ಹಿಡಿದರೆ, ಎಲ್‌ಬಿಎಸ್ ರಸ್ತೆ ದಾಟಿದ ಮೇಲೆ ದಾರಿ ಏರುತ್ತ, ಕಿರಿದಾಗುತ್ತ ಹೋಗುತ್ತದೆ. ಟೆಂಬಿಪಾಡಾ, ತುಳಶೇತ್‌ಪಾಡಾ, ಹನುಮಾನ್ ಟೇಕ್ಡಿ, ಖಿಂಡಿಪಾಡಾ. ಒಂದು ಕಾಲದ ಗುಡ್ಡದ ಹಾಡಿಗಳು, ಈಗ ಒಂದರ ಹೆಗಲ ಮೇಲೊಂದು ಕೂತ ಮನೆಗಳು. ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ವಾರಕ್ಕೆ ಎರಡು ಸಂಜೆ ನಾನು ಅತ್ತ ಹೋಗುತ್ತೇನೆ. ಕಿರಾಣಿ ಅಂಗಡಿಯ ಮೇಲಿನ ಒಂದು ಖೋಲಿ, ಒಂದು ಲ್ಯಾಪ್‌ಟಾಪ್, ಡೇಟಾ ಹಂಚಿಕೊಳ್ಳಲು ಯಾರದಾದರೂ ಮೊಬೈಲು. ಹತ್ತನೆಯದು ಪಾಸಾದ ಮಕ್ಕಳಿಗೆ ಹನ್ನೊಂದನೆಯ ತರಗತಿಯ ಆನ್‌ಲೈನ್ ಫಾರ್ಮ್ ತುಂಬಿಸಿಕೊಡುವುದು ಕೆಲಸ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೂವತ್ತು ವರ್ಷ ಮಂದಿಯ ಫಾರ್ಮಿನಲ್ಲಿ ತಪ್ಪು ಹುಡುಕಿದವನಿಗೆ ನಿವೃತ್ತಿಯ ಮೇಲೆ ಇದೊಂದು ಪ್ರಾಯಶ್ಚಿತ್ತ.

ಒಂದು ವರ್ಷ ಹೀಗೇ ಕೂತಿದ್ದಾಗ ಕಲಬುರಗಿ ಕಡೆಯ ಗೌಂಡಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಅಂಗಿಯ ತೋಳಿನ ಮೇಲೆ ಸಿಮೆಂಟು ಇನ್ನೂ ಒಣಗುತ್ತಿತ್ತು. ಹುಡುಗಿ ಮರಾಠಿ ಶಾಲೆಯಲ್ಲಿ ಓದಿದವಳು, ನೂರಕ್ಕೆ ಎಪ್ಪತ್ತೆಂಟು ತೆಗೆದಿದ್ದಳು. ಅಪ್ಪನ ಹತ್ತಿರ ಕನ್ನಡ, ತಮ್ಮನ ಹತ್ತಿರ ಹಿಂದಿ, ನನ್ನ ಹತ್ತಿರ ಮೌನ. ನರ್ಸ್ ಆಗಬೇಕಂತೆ, ಅದನ್ನೂ ಅಪ್ಪನೇ ಹೇಳಿದರು. ಕುರ್ಚಿಯ ತುದಿಯಲ್ಲಿ ಕೂತವರೇ ಕೇಳಿದರು: “ಸರಾ, ನಮ್ಮ ಹುಡುಗೀಗಿ ಯಾವ ಕಾಲೇಜ್ ಕೊಡ್ತಾರ್ರೀ?”

ಅವರಾಗಿ ಕೊಡುವುದಿಲ್ಲ, ನಾವು ಹತ್ತು ಕಾಲೇಜುಗಳ ಹೆಸರನ್ನು ಒಂದರ ಕೆಳಗೊಂದು ಬರೆದು ಕೇಳಬೇಕು ಎಂದೆ. ಅವರು ಸ್ವಲ್ಪ ಹೊತ್ತು ಲ್ಯಾಪ್‌ಟಾಪನ್ನೇ ನೋಡಿದರು. “ಕೇಳ್ಲಾಕ ನಮಗೇನ್ ಗೊತ್ತದ್ರೀ? ಮಾರ್ಕ್ಸ್ ಅವರ ಬಲ್ಲಿನೇ ಅವಲ್ಲ, ಅವರೇ ಹೇಳ್ಲಿ ಮತ್ತ.”

ಉತ್ತರ ನನ್ನಲ್ಲಿರಲಿಲ್ಲ. ನಿಜಕ್ಕೂ ಮಾರ್ಕ್ಸ್ ಅವರ ಬಳಿಯೇ ಇವೆ. ಮುಂಬಯಿ ವಿಭಾಗದ ಎಸ್‌ಎಸ್‌ಸಿ ಮಂಡಳಿಯ ಕಚೇರಿ ಇರುವುದು ವಾಶಿಯಲ್ಲಿ. ಪರೀಕ್ಷೆಯ ಸೀಟ್ ನಂಬರು ಒತ್ತಿದರೆ ಹುಡುಗಿಯ ಹೆಸರು, ತಾಯಿಯ ಹೆಸರು, ಓದಿದ ಶಾಲೆ, ಪ್ರತಿ ವಿಷಯದ ಅಂಕ ಎಲ್ಲವೂ ತಾವಾಗಿಯೇ ಪರದೆಯ ಮೇಲೆ ಬರುತ್ತವೆ. ಯಾವ ಕಾಲೇಜಿನಲ್ಲಿ ಎಷ್ಟು ಸೀಟು, ಕಳೆದ ವರ್ಷ ಎಷ್ಟಕ್ಕೆ ಬಾಗಿಲು ಮುಚ್ಚಿತು ಎಂಬುದೂ ಅದೇ ಸರಕಾರದ ಕಡತದಲ್ಲಿದೆ. ಎರಡೂ ಕಡತ ಒಂದೇ ಇಲಾಖೆಯವು. ನಡುವೆ ಹದಿನೈದು ವರ್ಷದ ಹುಡುಗಿಯೊಬ್ಬಳು ಓಡಾಡಿ, ಈ ಕಡತದಲ್ಲಿರುವುದನ್ನು ಆ ಕಡತಕ್ಕೆ ತಿಳಿಸಬೇಕು. ನಾವದನ್ನು ಅರ್ಜಿ ಎನ್ನುತ್ತೇವೆ. ಹಳೆಯ ಕಚೇರಿ ಭಾಷೆಯಲ್ಲಿ ಅರ್ಜಿಯನ್ನು ಗುಜರಾಯಿಸುತ್ತಿದ್ದರು, ಕೈಮುಗಿದು ನಿಂತು. ನಿಲ್ಲುವ ಜಾಗ ಬದಲಾಗಿದೆ, ಅಷ್ಟೇ.

ಹತ್ತು ಖಾನೆ ತುಂಬುವುದು ಏನು ಮಹಾ ಎಂದು ಕೇಳುವವರು ಒಮ್ಮೆ ಆ ಖೋಲಿಗೆ ಬರಬೇಕು. ಒಂದೇ ಕಟ್ಟಡದ ಒಂದೇ ಕಾಲೇಜು ಪಟ್ಟಿಯಲ್ಲಿ ಮೂರು ನಾಲ್ಕು ಕಡೆ ಕಾಣುತ್ತದೆ: ಅನುದಾನಿತ, ಅನುದಾನರಹಿತ, ಸ್ವಯಂ ಅರ್ಥಸಹಾಯಿತ. ಮೊದಲನೆಯದರಲ್ಲಿ ಶುಲ್ಕ ಕೂಲಿಯವನೂ ಕಟ್ಟಬಹುದಾದಷ್ಟು, ಕೊನೆಯದರಲ್ಲಿ ಹತ್ತಾರು ಸಾವಿರ. ಕೋಡ್ ನಂಬರಿನ ಒಂದಂಕಿ ತಪ್ಪಿದರೆ ತಂದೆಯ ಎರಡು ಮೂರು ತಿಂಗಳ ದುಡಿಮೆ ಹೋಯಿತು. ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿತೋ, ಸೇರಲೇಬೇಕು. ಬೇಡವೆಂದರೆ ಮುಂದಿನ ಸಾಮಾನ್ಯ ಸುತ್ತುಗಳಿಂದ ಹೊರಗೆ. ಮುಲುಂಡಿನ ವಝೆ-ಕೇಳ್ಕರ್ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ತೊಂಬತ್ತರ ಮೇಲೆ ಬೇಕು ಎಂಬುದು ಭಾಂಡುಪಿನ ಓದಿದ ಮನೆಗಳಿಗೆಲ್ಲ ಗೊತ್ತು. ಎಪ್ಪತ್ತೆಂಟಕ್ಕೆ ಎಲ್ಲಿ ಸಿಗುತ್ತದೆ ಎಂಬುದು ಬೇಕಾದವರಿಗೆ ಗೊತ್ತಿಲ್ಲ. ಹಳಿ ದಾಟಿ ಪೂರ್ವಕ್ಕೆ ಹೋದರೆ ದಾತಾರ್ ಕಾಲೊನಿಯ ರಾಮಾನಂದ ಆರ್ಯ ಡಿಎವಿ ಕಾಲೇಜಿದೆ, ವಿ.ಕೆ. ಕೃಷ್ಣ ಮೆನನ್ ಕಾಲೇಜಿದೆ. ಆ ಗೌಂಡಿ ಹನ್ನೆರಡು ವರ್ಷದಿಂದ ಭಾಂಡುಪಿನಲ್ಲಿದ್ದಾರೆ. ಊರಿನ ಅರ್ಧ ಹೊಸ ಕಟ್ಟಡಗಳಿಗೆ ಇಟ್ಟಿಗೆ ಇಟ್ಟಿದ್ದಾರೆ. ಆ ಎರಡು ಹೆಸರನ್ನು ಅವತ್ತೇ ಮೊದಲು ಕೇಳಿದ್ದು.

ಇದನ್ನು ಸರಿಪಡಿಸಲು ಯಾರೂ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 2009ಕ್ಕಿಂತ ಮುಂಚೆ ಮಳೆಯಲ್ಲಿ ಕೊಡೆ ಹಿಡಿದು ಕಾಲೇಜಿನಿಂದ ಕಾಲೇಜಿಗೆ ಅಲೆದು, ಒಂದೊಂದು ಕಡೆಯೂ ಫಾರ್ಮ್ ಕೊಂಡು, ಒಂದೊಂದು ಗೋಡೆಗೂ ಅಂಟಿಸಿದ ಮೆರಿಟ್ ಲಿಸ್ಟಿನಲ್ಲಿ ಹೆಸರು ಹುಡುಕಬೇಕಿತ್ತು. ಆ ವರ್ಷ ಮುಂಬಯಿ ಪ್ರದೇಶಕ್ಕೆ ಒಂದೇ ಆನ್‌ಲೈನ್ ವ್ಯವಸ್ಥೆ ಬಂತು, 2025ರಲ್ಲಿ ಇಡೀ ಮಹಾರಾಷ್ಟ್ರಕ್ಕೆ ಹಬ್ಬಿತು. ನಡುವೆ ನಡೆದ ಜಗಳಗಳನ್ನು ನೋಡಿ. 2008ರಲ್ಲಿ ಬೇರೆ ಬೇರೆ ಬೋರ್ಡುಗಳ ಅಂಕ ಸರಿದೂಗಿಸಲು ಪರ್ಸೆಂಟೈಲ್ ಸೂತ್ರ ತಂದರು, ಹೈಕೋರ್ಟ್ ತಳ್ಳಿಹಾಕಿತು. 2009ರಲ್ಲಿ ನೂರಕ್ಕೆ ತೊಂಬತ್ತು ಸೀಟು ಎಸ್‌ಎಸ್‌ಸಿಯವರಿಗೆ, ಹತ್ತು ಮಿಕ್ಕ ಬೋರ್ಡಿನವರಿಗೆ ಎಂದರು, ಅದೂ ಬಿತ್ತು. 2010ರಲ್ಲಿ ಆರರಲ್ಲಿ ಒಳ್ಳೆಯ ಐದು ವಿಷಯ ಹಿಡಿಯುವ ‘ಬೆಸ್ಟ್ ಫೈವ್’ ಬಂತು. ಹೈಕೋರ್ಟಿನಲ್ಲಿ ಬಿದ್ದು ಸುಪ್ರೀಂ ಕೋರ್ಟಿನಲ್ಲಿ ಎದ್ದಿತು. 2021ರಲ್ಲಿ ಕೋವಿಡ್ಡಿನಿಂದ ಪರೀಕ್ಷೆಯೇ ನಡೆಯದಾಗ ಹನ್ನೊಂದಕ್ಕೊಂದು ಪ್ರವೇಶ ಪರೀಕ್ಷೆ ಎಂದರು, ಆಗಸ್ಟಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಹದಿಮೂರು ವರ್ಷ ವಾದಿಸಿದ್ದೆಲ್ಲ ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕು ಎಂಬುದರ ಬಗ್ಗೆ. ಸಾಲು ಯಾಕೆ ಬೇಕು ಎಂದು ಯಾವ ವಕೀಲರೂ ಕೇಳಿದಂತಿಲ್ಲ.

ಸೀಟು ಕಡಿಮೆಯಿದ್ದರೆ ಸಾಲು ಬೇಕು, ಒಪ್ಪೋಣ. ಆದರೆ 2025ರಲ್ಲಿ ರಾಜ್ಯದ ಹನ್ನೊಂದನೆಯ ತರಗತಿಗಳಲ್ಲಿದ್ದದ್ದು ಸುಮಾರು 21 ಲಕ್ಷ ಸೀಟು. ಎಲ್ಲ ಸುತ್ತು ಮುಗಿದ ಮೇಲೆ ಏಳೆಂಟು ಲಕ್ಷ ಸೀಟು ಹಾಗೇ ಉಳಿದವು. ಮುಂಬಯಿ ಮಹಾನಗರ ಪ್ರದೇಶದಲ್ಲೇ ಖಾಲಿ ಸೀಟು ಲಕ್ಷದ ಆಸುಪಾಸಿಗೆ ಹೋಗುವುದು ವರ್ಷ ವರ್ಷದ ಮಾತು. ಅಂದರೆ ಈ ನೂಕುನುಗ್ಗಲೆಲ್ಲ ಕೆಲವೇ ಬಾಗಿಲುಗಳ ಮುಂದೆ. ಉಳಿದ ಬಾಗಿಲುಗಳ ಒಳಗೆ ಮೇಷ್ಟ್ರುಗಳು ಮಕ್ಕಳ ದಾರಿ ಕಾಯುತ್ತ ಕೂತಿರುತ್ತಾರೆ.

ಕೂತಿರುತ್ತಾರೆ ಅಂದದ್ದು ಪೂರ್ತಿ ಸರಿಯಲ್ಲ. ಮಕ್ಕಳ ಸಂಖ್ಯೆ ಇಳಿದರೆ ತುಕಡಿ ಹೋಗುತ್ತದೆ, ತುಕಡಿ ಹೋದರೆ ಮೇಷ್ಟ್ರು ‘ಹೆಚ್ಚುವರಿ’ ಆಗುತ್ತಾರೆ. ಆ ಭಯಕ್ಕೆ ಬೇಸಿಗೆ ರಜೆಯಲ್ಲಿ ಚಾಳ್ ಚಾಳ್ ಸುತ್ತುವ ಶಿಕ್ಷಕರನ್ನು ಈ ಗುಡ್ಡದ ಮೇಲೆ ನಾನೇ ನೋಡಿದ್ದೇನೆ. ಒಂದು ಕೈಯಲ್ಲಿ ಕರಪತ್ರ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ. ಮುಂಬಯಿ ಮಹಾನಗರ ಪಾಲಿಕೆಯೇ 2022ರಲ್ಲಿ ‘ಮಿಷನ್ ಅಡ್ಮಿಷನ್’ ಎಂದು ಹೆಸರಿಟ್ಟು, ಒಂದು ಲಕ್ಷ ಹೊಸ ಮಕ್ಕಳನ್ನು ತರುವ ಗುರಿ ಹಾಕಿಕೊಂಡು ಶಿಕ್ಷಕರನ್ನು ಮನೆಮನೆಗೆ ಕಳಿಸಿತು, ಗುರಿಯನ್ನೂ ಮುಟ್ಟಿತು. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಮಾಧ್ಯಮದಲ್ಲಿ ಶಾಲೆ ನಡೆಸುವ ಪಾಲಿಕೆ ಅದು. ಅದರ ಕನ್ನಡ ಶಾಲೆಗಳ ಗುರುಗಳು ಕೂಲಿಕಾರರ ಬಿಡಾರಗಳಿಗೆ ಹೋಗಿ ಮಕ್ಕಳನ್ನು ಕರೆತರುವುದು ‘ಮಿಷನ್’ ಎಂಬ ಹೆಸರು ಬರುವುದಕ್ಕೂ ಮೊದಲಿನ ಮಾತು. ಒಂದನೆಯ ತರಗತಿಗೆ ಬಾಗಿಲು ತಟ್ಟುವ ವ್ಯವಸ್ಥೆ ಹತ್ತು ವರ್ಷದ ನಂತರ ಅದೇ ಮಗುವಿಗೆ ನೀನೇ ಬಂದು ತಟ್ಟು ಎನ್ನುತ್ತದೆ.

ಈ ಊರಿನ ಕನ್ನಡಿಗರಿಗೆ ಬಾಗಿಲು ತಟ್ಟುವ ಶಾಲೆ ಹೊಸದೇನಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಅದರ ಉಚಿತ ರಾತ್ರಿಶಾಲೆ ಆ ಕಾಲದ್ದೇ ಕೂಸು. ಆಮೇಲೆ ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿಶಾಲೆ, ಬಂಟರ ಸಂಘದ ರಾತ್ರಿಶಾಲೆ, ಫೋರ್ಟಿನ ಕನ್ನಡ ಶಾಲೆಗಳು. ಅವುಗಳ ವಿದ್ಯಾರ್ಥಿ ಯಾರು? ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡರ ವಯಸ್ಸಿಗೇ ಮಾವನ ಜೊತೆಗೋ ಊರಿನವರ ಜೊತೆಗೋ ಬಂದು, ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ಲೋಟ ತೊಳೆದು, ಅಲ್ಲೇ ಬೆಂಚು ಜೋಡಿಸಿ ಮಲಗುತ್ತಿದ್ದ ಹುಡುಗ. ಅವನು ಅರ್ಜಿ ಹಾಕುವುದೆಲ್ಲಿ ಬಂತು? ಶಾಲೆಯೇ ಅವನನ್ನು ಹುಡುಕಿಕೊಂಡು ಹೋಗಬೇಕಿತ್ತು.

ನನಗಿಂತ ಹಿರಿಯರು ಹೇಳುತ್ತಿದ್ದ ಕತೆಗಳಲ್ಲಿ ಮೇಷ್ಟ್ರು ಹೋಟೆಲಿಗೆ ಬರುವ ಹೊತ್ತು ಯಾವಾಗಲೂ ಮಧ್ಯಾಹ್ನದ ಮೂರು. ಊಟದ ಗಿರಾಕಿಗಳು ಮುಗಿದು ಸಂಜೆಯ ಚಹದ ಗಿರಾಕಿಗಳು ಶುರುವಾಗುವ ಮುಂಚೆ. ಹುಡುಗನ ಹತ್ತಿರ ಅವರು ಮಾತಾಡುವುದು ಆಮೇಲೆ. ಮೊದಲು ಗಲ್ಲದಲ್ಲಿ ಕೂತ ಧಣಿಯ ಹತ್ತಿರ. ಆರೂವರೆಗೆ ಹುಡುಗನನ್ನು ಬಿಡಬೇಕು ಎಂಬ ಒಂದೇ ಬೇಡಿಕೆ. ಆರೂವರೆ ಎಂದರೆ ಹೋಟೆಲಿಗೆ ಕಟ್ಟುನಿಟ್ಟಿನ ಹೊತ್ತು, ಧಣಿ ಸುಲಭಕ್ಕೆ ಒಪ್ಪುವವನಲ್ಲ. ಮೇಷ್ಟ್ರು ಒಂದು ಚಹ ಕುಡಿದು ಹೋಗುವರು, ಮರುವಾರ ಮತ್ತೆ ಬರುವರು. ಧಣಿಯೂ ಒಂದು ಕಾಲಕ್ಕೆ ಅಂಥದೇ ಹುಡುಗನಾಗಿದ್ದರೆ ಕೆಲಸ ಬೇಗ ಆಗುತ್ತಿತ್ತು. ಸ್ಲೇಟು ಪುಸ್ತಕ ಶಾಲೆಯದ್ದೇ, ಶುಲ್ಕ ಇಲ್ಲ. ತರಗತಿಯಲ್ಲಿ ತೂಕಡಿಸಿದರೆ ಬೆತ್ತವಿಲ್ಲ, ಯಾಕೆಂದರೆ ಅವನು ಬೆಳಗಿನ ಐದಕ್ಕೆ ಎದ್ದವನೆಂದು ಮೇಷ್ಟ್ರಿಗೆ ಗೊತ್ತು. ಮೇಷ್ಟ್ರೂ ಹಗಲೆಲ್ಲ ಯಾವುದೋ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ ಬಂದವರೇ. ಹಾಗೆ ಕಲಿತು ಎಸ್‌ಎಸ್‌ಸಿ ದಾಟಿದವರಲ್ಲಿ ಬ್ಯಾಂಕಿಗೆ ಹೋದವರಿದ್ದಾರೆ, ವಕೀಲರಾದವರಿದ್ದಾರೆ, ತಾವೇ ಹೋಟೆಲು ಇಟ್ಟು ಇನ್ನಷ್ಟು ಹುಡುಗರನ್ನು ಆರೂವರೆಗೆ ಬಿಟ್ಟವರಿದ್ದಾರೆ.

ಎಸ್‌ಎಸ್‌ಸಿಯ ಮುಂದೇನು ಎಂಬುದಕ್ಕೂ ಈ ಊರಿನಲ್ಲಿ ಒಂದು ಉತ್ತರವಿತ್ತು. ಬಾಬಾಸಾಹೇಬ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಬೆಳಗಿನ ಹೊತ್ತು ತರಗತಿ ಇಟ್ಟಿತು, ದುಡಿಯುವವನು ಓದಿ ಆಮೇಲೆ ಕೆಲಸಕ್ಕೆ ಹೋಗಲಿ ಎಂದು. ನಿನ್ನ ದಿನವನ್ನು ನಮ್ಮ ಗಂಟೆಗೆ ಹೊಂದಿಸಿಕೋ ಎನ್ನದೆ, ನಮ್ಮ ಗಂಟೆಯನ್ನೇ ನಿನ್ನ ದಿನಕ್ಕೆ ಹೊಂದಿಸುತ್ತೇವೆ ಎಂದ ಕಾಲೇಜು ಅದು. ರಾತ್ರಿಶಾಲೆಯಲ್ಲಿ ಕಲಿತ ನಮ್ಮವರಿಗೂ ಅಂಥ ಬೆಳಗಿನ ಕಾಲೇಜುಗಳೇ ಮುಂದಿನ ಮೆಟ್ಟಿಲಾದವು.

ರಾತ್ರಿಶಾಲೆಗಳು ಸೊರಗಿದ್ದಕ್ಕೆ ಅಳಬೇಕಾಗಿಲ್ಲ. 2006ರ ಅಕ್ಟೋಬರಿನಲ್ಲಿ ಹದಿನಾಲ್ಕರ ಒಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದಕ್ಕೆ ನಿಷೇಧ ಬಂತು. ಅಷ್ಟರೊಳಗೆ ಊರಲ್ಲೇ ಹೈಸ್ಕೂಲುಗಳಾಗಿ, ಉಡುಪಿ ಕುಂದಾಪುರದ ಹುಡುಗರು ಬರುವುದೂ ನಿಂತಿತ್ತು. ಸಂಘಗಳು ಹಗಲಿನ ಶಾಲೆಗಳ ಕಡೆ ತಿರುಗಿದವು. ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ ಮತ್ತು ಕಾಲೇಜು ಈಗ ಭಾಂಡುಪಿಗೆ ಹತ್ತಿರದ ಪೊವಾಯಿಯಲ್ಲಿ ತಲೆಯೆತ್ತಿ ನಿಂತಿವೆ. ಹುಡುಗರನ್ನು ಹುಡುಕಿ ಹೋಟೆಲಿಗೆ ಹೋದವರ ಮೊಮ್ಮಕ್ಕಳ ಕಾಲಕ್ಕೆ ಪ್ರವೇಶ ಕೇಳಿಕೊಂಡು ಪಾಲಕರೇ ಬರುವಂತಾಯಿತು. ಏಳಿಗೆ ಎಂದರೆ ಅದೇ ಇರಬಹುದು. ಆದರೆ ಇವತ್ತು ಅದೇ ಹೋಟೆಲುಗಳಲ್ಲಿ ಟೇಬಲ್ ಒರೆಸುವ ಜಾರ್ಖಂಡ್, ಒಡಿಶಾದ ಹದಿನೆಂಟರ ಹುಡುಗನ ಹತ್ತಿರ ಮೂರು ಗಂಟೆಗೆ ಬಂದು ಮಾತಾಡುವ ಮೇಷ್ಟ್ರು ಯಾರೂ ಇಲ್ಲ.

ಬೆನ್ನು ಹತ್ತುವ ಇನ್ನೊಂದು ಜಾತಿಯೂ ಇದೆ, ಅದನ್ನು ನೋಡಲು ಗುಡ್ಡ ಹತ್ತಬೇಕಿಲ್ಲ. ಫಲಿತಾಂಶ ಬಂದ ಮರುದಿನ ಎಲ್‌ಬಿಎಸ್ ರಸ್ತೆಯ ಹೋರ್ಡಿಂಗುಗಳನ್ನು ನೋಡಿದರೆ ಸಾಕು, ಸಾಲು ಸಾಲು ಟಾಪರುಗಳ ಮುಖ. ತೊಂಬತ್ತೈದು ದಾಟಿದ ಹುಡುಗಿಯ ಮನೆಗೆ ಕೋಚಿಂಗ್ ಕ್ಲಾಸಿನವರ ಫೋನು ಬೆಳಿಗ್ಗೆಯಿಂದ ನಿಲ್ಲುವುದಿಲ್ಲ. ಶುಲ್ಕ ಮಾಫಿ, ಪುಸ್ತಕ ಉಚಿತ, ಕಾಲೇಜಿನ ಹಾಜರಿಯ ಚಿಂತೆ ಬೇಡ. ಹೇಗೂ ಗೆಲ್ಲುವ ಕುದುರೆಗೆ ತಮ್ಮ ಬಣ್ಣದ ಜೀನು ಹಾಕಿಸುವ ಉಪಾಯ ಅದು. ಖಾಸಗಿ ವಿಶ್ವವಿದ್ಯಾಲಯಗಳ ಕಾಲ್‌ಸೆಂಟರುಗಳದ್ದು ಬೇರೆ ರಾಗ: ಇವತ್ತು ಸಂಜೆಯೊಳಗೆ ಇಷ್ಟು ಕಟ್ಟಿದರೆ ಸೀಟು ನಿಮ್ಮದು, ನಾಳೆ ಗ್ಯಾರಂಟಿ ಇಲ್ಲ. ಇದನ್ನೂ ‘ಕಾಲೇಜು ವಿದ್ಯಾರ್ಥಿಯ ಬಳಿಗೆ ಬರುವುದು’ ಎಂದೇ ಕರೆಯಬೇಕಾದರೆ ನನ್ನ ವಾದವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಆ ರಾತ್ರಿಶಾಲೆಗೂ ಈ ವ್ಯಾಪಾರಕ್ಕೂ ನಡುವಿನದೂ ಒಂದಿದೆ. ಮೂಡುಬಿದಿರೆಯ ಆಳ್ವಾಸ್‌ನವರು ತಮ್ಮ ಕನ್ನಡ ಮಾಧ್ಯಮ ಶಾಲೆಗೆ ಪರೀಕ್ಷೆ ಇಟ್ಟು ನಾಡಿನ ಮೂಲೆಮೂಲೆಯಿಂದ ಮಕ್ಕಳನ್ನು ಆರಿಸಿ ಉಚಿತವಾಗಿ ಓದಿಸುತ್ತಾರೆ, ಓಟಗಾರರನ್ನೂ ಜಿಗಿತಗಾರರನ್ನೂ ದತ್ತು ತೆಗೆದುಕೊಳ್ಳುತ್ತಾರೆ. ಅದರಿಂದ ಸಂಸ್ಥೆಯ ಹೆಸರೂ ಬೆಳೆಯಿತು, ಹಳ್ಳಿಯ ಹುಡುಗರ ಕೊರಳಿಗೆ ಪದಕವೂ ಬಂತು. ತಪ್ಪು ಹುಡುಕುವುದಿಲ್ಲ. ಆದರೆ ಅಲ್ಲೂ ಪ್ರತಿಭೆ ಮೊದಲೇ ಕಾಣಿಸಬೇಕು. ಎಪ್ಪತ್ತೆಂಟು ಅಂಕದ, ಓಡಲೂ ಬಾರದ, ಮಾತೂ ಆಡದ ಹುಡುಗಿಗೆ ಯಾವ ಕಾಗದವೂ ಬರುವುದಿಲ್ಲ.

ಅಂಥವಳಿಗೆ ಕಾಗದ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಕೆಲವು ರಾಜ್ಯಗಳು ಮಾಡಿ ನೋಡಿವೆ. ಐಡಹೊ ಎಂಬುದು ಆಲೂಗಡ್ಡೆಗೆ ಹೆಸರಾದ ರಾಜ್ಯ. ಅದರ ಜನಸಂಖ್ಯೆ ನಮ್ಮ ಮುಂಬಯಿ ಉಪನಗರ ಜಿಲ್ಲೆಯ ಕಾಲುಭಾಗವೂ ಇಲ್ಲ. ಹೈಸ್ಕೂಲು ಮುಗಿಸಿದವರು ಕಾಲೇಜಿಗೇ ಹೋಗುತ್ತಿಲ್ಲ ಎಂಬ ಚಿಂತೆ ಅದಕ್ಕಿತ್ತು. 2015ರಲ್ಲಿ ಅಲ್ಲಿನ ಶಿಕ್ಷಣ ಮಂಡಳಿ ಕೊನೆಯ ವರ್ಷದ ಮಕ್ಕಳಿಗೆಲ್ಲ ಒಂದು ಪತ್ರ ಬರೆಯಿತು: ನಿಮ್ಮ ಅಂಕ ನೋಡಿದ್ದೇವೆ, ರಾಜ್ಯದ ಇಂತಿಂಥ ಸರಕಾರಿ ಕಾಲೇಜುಗಳಲ್ಲಿ ನಿಮಗೆ ಪ್ರವೇಶ ಸಿಕ್ಕಾಗಿದೆ, ಯಾವುದು ಬೇಕು ಹೇಳಿ. ಮೇಲಿನ ಅಂಕದವರಿಗೆ ಎಲ್ಲ ಸಂಸ್ಥೆಗಳೂ ತೆರೆದಿದ್ದವು, ಉಳಿದವರಿಗೆ ಆರು. ಖಾಲಿ ಕೈಯವರು ಯಾರೂ ಇಲ್ಲ. ಕಾಲೇಜುಗಳಿಗೆ ಬರುವ ಸ್ವಂತ ರಾಜ್ಯದ ಮಕ್ಕಳ ಸಂಖ್ಯೆ ಏರಿತು ಎಂದು ಆಮೇಲೆ ಲೆಕ್ಕ ಹಾಕಿದವರು ಬರೆದರು. ಬೇರೆ ರಾಜ್ಯಗಳೂ ಇದನ್ನೇ ಹಿಡಿದವು. ‘ಕಾನ್‌ಕೋರ್ಸ್’ ಎಂಬ ಕಂಪನಿಯೊಂದು ವಿದ್ಯಾರ್ಥಿಯ ಹೆಸರನ್ನು ಮುಚ್ಚಿಟ್ಟು, ಓದಿನ ವಿವರ ಮಾತ್ರ ಕಾಲೇಜುಗಳ ಮುಂದಿಟ್ಟು, ಬೇಕಿದ್ದರೆ ನೀವೇ ಕರೆಯಿರಿ ಎನ್ನುವ ವ್ಯವಸ್ಥೆಯನ್ನೂ ಮಾಡಿತು.

ನನಗೆ ಹೆಚ್ಚು ಹಿಡಿಸಿದ್ದು ಮಿಶಿಗನ್ ವಿಶ್ವವಿದ್ಯಾಲಯದ್ದು. ಅದು ಐಡಹೊದ ಕಾಲೇಜುಗಳಂತಲ್ಲ, ಎಲ್ಲರೂ ಮುಗಿಬೀಳುವ ಜಾಗ. 2015ರಿಂದ ಅವರು ರಾಜ್ಯದ ಬಡ ಮನೆಗಳ ಚೆನ್ನಾಗಿ ಓದುವ ಮಕ್ಕಳನ್ನು ಗುರುತಿಸಿ, ವಿಶ್ವವಿದ್ಯಾಲಯದ ಬಣ್ಣದ ದೊಡ್ಡ ಲಕೋಟೆಯೊಂದನ್ನು ಮನೆಗೆ ಕಳಿಸಿದರು. ನೀನು ಆಯ್ಕೆಯಾದರೆ ನಾಲ್ಕು ವರ್ಷದ ಬೋಧನಾ ಶುಲ್ಕ ಪೂರ್ತಿ ಮಾಫಿ, ಅದಕ್ಕಾಗಿ ಮತ್ತೆ ಯಾವ ಆದಾಯದ ಫಾರ್ಮೂ ತುಂಬಬೇಕಿಲ್ಲ ಎಂದು ಅದರಲ್ಲಿತ್ತು. ತಂದೆತಾಯಿಗೂ ಶಾಲೆಯ ಪ್ರಿನ್ಸಿಪಾಲರಿಗೂ ಬೇರೆ ಬೇರೆ ಪತ್ರ. ಲಕೋಟೆ ಬರದ ಅಂಥದೇ ಮಕ್ಕಳಲ್ಲಿ ಅರ್ಜಿ ಹಾಕಿದವರು ನೂರಕ್ಕೆ 26, ಬಂದವರಲ್ಲಿ 68. ಸೇರಿದವರ ಪಾಲು ಎರಡರಷ್ಟಾಯಿತು. ಇದರಲ್ಲೊಂದು ಸ್ವಾರಸ್ಯವಿದೆ. ಆ ಮಕ್ಕಳಲ್ಲಿ ಬಹುಪಾಲಿಗೆ ಅಷ್ಟೇ ನೆರವು ಮೊದಲೂ ಸಿಗುತ್ತಿತ್ತು. ಆಗ ಅದು ‘ಕೇಳಿದರೆ ಸಿಗಬಹುದು’, ಈಗ ‘ಇದು ನಿನ್ನದು’. ಬದಲಾದದ್ದು ಅಷ್ಟೇ.

ಬರಿ ಪತ್ರಕ್ಕೆ ಮಂತ್ರಶಕ್ತಿ ಇಲ್ಲ ಎಂಬುದೂ ತಿಳಿದಿದೆ. ಇನ್ನೊಂದು ಪ್ರಯೋಗದಲ್ಲಿ ಹಣದ ಮಾತಿಲ್ಲದೆ ‘ಪ್ರವೇಶ ಸಿಕ್ಕಿದೆ’ ಎಂದಷ್ಟೇ ಬರೆದಾಗ, ಅರ್ಜಿ ಹಾಕಿದವರು ಹೆಚ್ಚಿದರೇ ಹೊರತು ಸೇರಿದವರು ಹೆಚ್ಚಲಿಲ್ಲ. ನಮ್ಮಲ್ಲಿ ಹಣದ ಯೋಜನೆಗಳಿಗೆ ಬರವಿಲ್ಲ. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರ, ಎಂಟು ಲಕ್ಷದ ಒಳಗಿನ ಆದಾಯದ ಹಿಂದುಳಿದ ಹಾಗೂ ಆರ್ಥಿಕವಾಗಿ ದುರ್ಬಲ ಮನೆಗಳ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ ಎಂದು ಆದೇಶ ಹೊರಡಿಸಿತು. ಟೆಂಬಿಪಾಡಾದ ಎಷ್ಟು ಹತ್ತನೆಯ ತರಗತಿಯ ಹುಡುಗಿಯರ ಮನೆಗೆ ಅದರ ಪತ್ರ ಬಂದಿದೆ? ಆದೇಶ ಜಾಲತಾಣದಲ್ಲಿದೆ. ಕೇಳಿದರೆ ಸಿಗಬಹುದು.

ಹಾಗಾದರೆ ಎಲ್ಲವನ್ನೂ ತಿರುಗಿಸಿ ಕಾಲೇಜುಗಳ ಕೈಗೇ ಕೊಟ್ಟುಬಿಡೋಣವೇ? ಇಲ್ಲಿ ಸ್ವಲ್ಪ ತಡೆಯಬೇಕು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶ್ಯಾಪ್ಲಿ ಎಂಬಿಬ್ಬರು ಗಣಿತಜ್ಞರು ಕಾಲೇಜು ಪ್ರವೇಶ ಮತ್ತು ಮದುವೆ, ಎರಡನ್ನೂ ಒಟ್ಟಿಗೆ ಇಟ್ಟು ಒಂದು ಪುಟ್ಟ ಪ್ರಬಂಧ ಬರೆದರು. ಗಂಡುಗಳೆಲ್ಲ ತಮಗೆ ಬೇಕಾದ ಹೆಣ್ಣಿನ ಮನೆಗೆ ಹೋಗಲಿ, ಹೆಣ್ಣು ಬಂದವರಲ್ಲಿ ಒಬ್ಬನನ್ನು ಸದ್ಯಕ್ಕೆ ಹಿಡಿದಿಟ್ಟುಕೊಳ್ಳಲಿ, ಮೇಲಿನವನು ಬಂದರೆ ಬದಲಿಸಲಿ. ಹೀಗೆ ಸಾಗಿದರೆ ಕೊನೆಗೆ ಯಾರೂ ಯಾರೊಡನೆಯೂ ಓಡಿಹೋಗಬೇಕೆನಿಸದ ಜೋಡಿಗಳು ಆಗುತ್ತವೆ ಎಂದು ತೋರಿಸಿದರು. ಆಯ್ಕೆ ಹೆಣ್ಣಿನ ಕೈಯಲ್ಲಿರುವಂತೆ ಕಾಣುತ್ತದಲ್ಲವೇ? ಲೆಕ್ಕ ಬೇರೆಯೇ ಹೇಳುತ್ತದೆ. ಆ ಪದ್ಧತಿಯಲ್ಲಿ ತನಗೆ ಸಿಗಬಹುದಾದ ಅತಿ ಒಳ್ಳೆಯ ಜೋಡಿಯನ್ನು ಪಡೆಯುವುದು ಪ್ರಸ್ತಾಪ ತಂದ ಕಡೆಯವರು. ಕಾಯುತ್ತ ಕೂತವರಿಗೆ ಉಳಿದದ್ದು. ಅಮೆರಿಕದ ಹೊಸ ಡಾಕ್ಟರುಗಳನ್ನು ಆಸ್ಪತ್ರೆಗಳಿಗೆ ಹಂಚುವ ವ್ಯವಸ್ಥೆ ದಶಕಗಳ ಕಾಲ ಆಸ್ಪತ್ರೆಗಳು ಪ್ರಸ್ತಾಪಿಸುವಂತಿತ್ತು. 1998ರಿಂದ ಅದನ್ನು ತಿರುಗಿಸಿ ಡಾಕ್ಟರುಗಳೇ ಪ್ರಸ್ತಾಪಿಸುವಂತೆ ಮಾಡಿದರು. ಹಾಗೆ ತಿರುಗಿಸಿದ ಆಲ್ವಿನ್ ರಾಥ್ ಮತ್ತು ಶ್ಯಾಪ್ಲಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಅಂದ ಮೇಲೆ ಆರಿಸುವ ಅಧಿಕಾರ ಮಕ್ಕಳ ಕೈ ತಪ್ಪಬಾರದು. ಕಾಲೇಜು ಮೊದಲು ಮಾತು ಕೊಡಬೇಕು, ವಿದ್ಯಾರ್ಥಿ ಕೊನೆಯ ಮಾತು ಹೇಳಬೇಕು. ಸಂಜೆಯೊಳಗೆ ದುಡ್ಡು ಕಟ್ಟು ಎನ್ನುವವನ ಬಾಯಿಗೆ ಬೀಗ. ನಮ್ಮ ಹನ್ನೊಂದನೆಯ ಪ್ರವೇಶದಲ್ಲಿ ಆಯ್ಕೆ ಮಕ್ಕಳದ್ದೇನೋ ಹೌದು. ಆದರೆ ಪಟ್ಟಿಗೆ ಹತ್ತರ ಮಿತಿ ಹಾಕಿದೊಡನೆ ಅದು ಆಸೆಯ ಪಟ್ಟಿಯಾಗಿ ಉಳಿಯದೆ ಜೂಜಿನ ಪಟ್ಟಿಯಾಗುತ್ತದೆ. ಎಷ್ಟು ಖಾನೆ ಆಸೆಗೆ, ಎಷ್ಟು ಖಾನೆ ಭಯಕ್ಕೆ? ಅದರ ಅಂದಾಜು ಗೊತ್ತಿರುವುದು ಅಣ್ಣ ಅಕ್ಕ ಕಾಲೇಜು ಕಂಡ ಮನೆಗಳಿಗೆ.

ಭಾಂಡುಪಿಗೆ ಇದನ್ನು ಇಳಿಸಿದರೆ ಹೇಗಿರಬಹುದು ಎಂದು ರಿಕ್ಷಾದಲ್ಲಿ ಕೂತು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮಾರ್ಕ್‌ಶೀಟಿನ ಜೊತೆಗೇ ಇನ್ನೊಂದು ಹಾಳೆ. ಅದರಲ್ಲಿ ಈ ಅಂಕಕ್ಕೆ ಖಚಿತವಾಗಿ ತೆರೆದಿರುವ ನಾಲ್ಕಾರು ಕಾಲೇಜುಗಳು. ಪ್ರತಿಯೊಂದರ ಮುಂದೆ ಒಟ್ಟು ಶುಲ್ಕ, ಯಾವ ಸ್ಟೇಷನ್, ಎಷ್ಟು ಹೊತ್ತಿನ ನಡಿಗೆ, ಮುಂದೆ ನರ್ಸಿಂಗ್ ಬೇಕಿದ್ದರೆ ಯಾವ ವಿಷಯ. ಒಂದಾದರೂ ನಡೆದು ಹೋಗುವಷ್ಟು ಹತ್ತಿರದ್ದು. ಏಳೆಂಟು ಲಕ್ಷ ಸೀಟು ಖಾಲಿ ಬೀಳುವ ರಾಜ್ಯಕ್ಕೆ ಈ ಭರವಸೆ ಕೊಡಲು ಹೊಸ ಇಟ್ಟಿಗೆಯೊಂದೂ ಬೇಡ. ಇನ್ನೂ ಮೇಲಿನದು ಬೇಕೆನ್ನುವವರು ಈಗಿನಂತೆಯೇ ಪೈಪೋಟಿಗೆ ಇಳಿಯಲಿ. ಕೈಯಲ್ಲೊಂದು ಸೀಟು ಇಟ್ಟುಕೊಂಡು ಇಳಿಯುವುದು ಬೇರೆ, ಬರಿಗೈಯಲ್ಲಿ ಇಳಿಯುವುದು ಬೇರೆ.

ಖಾಲಿ ಕಾಲೇಜುಗಳೇನೋ ಬಾಗಿಲಿಗೆ ಬರುತ್ತವೆ, ತುಂಬಿದ ಕಾಲೇಜುಗಳಿಗೆ ಏನು ಗರಜು ಎಂದು ಒಬ್ಬ ಪ್ರಾಧ್ಯಾಪಕ ಮಿತ್ರರು ಕೇಳಿದರು. ನ್ಯಾಯವಾದ ಪ್ರಶ್ನೆ. ಗುಡ್ಡದ ಮಕ್ಕಳಿಗೆ ಯಾರಿಗೂ ಬೇಡದ ಸೀಟುಗಳನ್ನೇ ಆರತಿ ಎತ್ತಿ ಕೊಟ್ಟಂತಾಗಬಾರದು. ಈಗಿನ ನಿಯಮದಲ್ಲೇ ‘ಇನ್‌ಹೌಸ್’ ಎಂದು ನೂರಕ್ಕೆ ಹತ್ತು ಸೀಟು ಇವೆ, ಕಾಲೇಜು ನಡೆಸುವ ಸಂಸ್ಥೆಯದ್ದೇ ಶಾಲೆಯ ಮಕ್ಕಳಿಗೆ. ಆಡಳಿತ ಮಂಡಳಿಯ ಕೋಟಾ ಐದು. ತನ್ನ ಅಂಗಳದ ಮಗುವಿಗೆ ಅರ್ಜಿಯ ಮೊದಲೇ ಜಾಗ ಇಡಬಹುದಾದರೆ, ಎರಡು ಕಿಲೋಮೀಟರು ಆಚೆಯ ಗುಡ್ಡದ ಪಾಲಿಕೆ ಶಾಲೆಯ ಮೊದಲ ಮೂವರಿಗೆ ಯಾಕಾಗದು? ಟೆಕ್ಸಾಸ್ 1997ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ರಾಜ್ಯದ ಯಾವ ಹೈಸ್ಕೂಲಾದರೂ ಸರಿ, ಅದರ ಮೇಲಿನ ಹತ್ತು ಪ್ರತಿಶತ ಮಕ್ಕಳಿಗೆ ಸರಕಾರಿ ವಿಶ್ವವಿದ್ಯಾಲಯದಲ್ಲಿ ಜಾಗ ಖಚಿತ ಎಂದು ಕಾನೂನು ಮಾಡಿತು. ಎಪ್ಪತ್ತೆಂಟು ಅಂಕ ಮುಲುಂಡಿನ ಫ್ಲ್ಯಾಟಿನಲ್ಲಿ ಎಪ್ಪತ್ತೆಂಟೇ. ಎರಡು ಪಾಳಿಯ ಶಾಲೆಯಲ್ಲಿ ಓದಿ, ನಲ್ಲಿಗೆ ನೀರು ಬರುವ ಹೊತ್ತಿಗೆ ಪುಸ್ತಕ ಮುಚ್ಚಿ ಎದ್ದ ಹುಡುಗಿಯ ಎಪ್ಪತ್ತೆಂಟು ಆ ಶಾಲೆಗೇ ಮೊದಲ ಸ್ಥಾನವಿರಬಹುದು. ಮುಂಬಯಿಗೆ ನೀರು ಶುದ್ಧ ಮಾಡಿ ಕಳಿಸುವ ದೊಡ್ಡ ಸ್ಥಾವರ ಭಾಂಡುಪಿನಲ್ಲೇ ಇದೆ ಎಂಬುದು ಇಲ್ಲಿ ಅಪ್ರಸ್ತುತ, ಆದರೂ ಹೇಳದೆ ಇರಲಾಗಲಿಲ್ಲ.

ಆ ಗೌಂಡಿಯ ಮಗಳ ವಿಷಯ ಬಾಕಿ ಉಳಿಯಿತು. ಹತ್ತು ಖಾನೆ ತುಂಬಿದೆವು. ಮೂರು ಆಸೆಗೆ, ಏಳು ಭಯಕ್ಕೆ. ಸುತ್ತಿನ ಫಲಿತಾಂಶ ಬಂದು ಕಾಲೇಜು ಸಿಕ್ಕಿತು, ವಿಜ್ಞಾನವೇ, ಅನುದಾನಿತವೇ. ಸೇರಲು ಕೊಟ್ಟ ಗಡುವು ಮುಗಿಯುವ ಹಿಂದಿನ ಸಂಜೆಯವರೆಗೆ ಮನೆಯವರಿಗೆ ಅದು ಗೊತ್ತೇ ಇರಲಿಲ್ಲ. ನಾನೂ ಊರಲ್ಲಿರಲಿಲ್ಲ. ಫಾರ್ಮಿನಲ್ಲಿ ಕೊಟ್ಟ ಮೊಬೈಲ್ ನಂಬರು ಅಪ್ಪನದಾಗಿರಲಿಲ್ಲ, ಮುಕಾದಮನದಾಗಿತ್ತು. ಅಪ್ಪನ ಸಿಮ್ಮು ರೀಚಾರ್ಜ್ ಇಲ್ಲದೆ ಸತ್ತಿತ್ತು, ನಮಗೆ ಹೇಳಲು ನಾಚಿಕೆಪಟ್ಟಿದ್ದರು. ಇಡೀ ವ್ಯವಸ್ಥೆ ಆ ಹುಡುಗಿಯನ್ನು ತಾನಾಗಿ ಕರೆದದ್ದು ಒಂದೇ ಸಲ, ಅದೂ ಇಂಗ್ಲಿಷಿನ ಎರಡು ಸಾಲಿನಲ್ಲಿ. ಆ ಎರಡು ಸಾಲು ಪನವೇಲಿನ ಯಾವುದೋ ಕಟ್ಟಡದ ಕೆಳಗೆ ಮುಕಾದಮನ ಜೇಬಿನಲ್ಲಿ ಮೂರು ದಿನ ಕೂತಿತ್ತು. ಪಕ್ಕದ ಮನೆಯ ಹುಡುಗ ತನ್ನದನ್ನು ನೋಡುವಾಗ ಇವಳದನ್ನೂ ತೆಗೆದು ನೋಡಿದ್ದರಿಂದ ಸೀಟು ಉಳಿಯಿತು.

ಈಗ ಖೋಲಿಗೆ ಬಂದವರನ್ನು ನಾನು ಮೊದಲು ಕೇಳುವುದು ಅಂಕ ಎಷ್ಟು ಎಂದಲ್ಲ. ಈ ನಂಬರ್ ಯಾರದು, ರಾತ್ರಿ ಇದು ಯಾರ ತಲೆದಿಂಬಿನ ಕೆಳಗಿರುತ್ತದೆ ಎಂದು.